ಕಿಡ್ನಿಯ ಇಜಿಎಫ್‌ಆರ್ ಲೆಕ್ಕದಲ್ಲಿ ಜನಾಂಗ ಇರಬೇಕೇ?

ಬೇಡ. ಇಜಿಎಫ್‌ಆರ್ ಎಂದರೆ ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಸಂಖ್ಯೆ; ಕಡಿಮೆಯಾದಷ್ಟೂ ಕಿಡ್ನಿ ದುರ್ಬಲ. ಇದು ನೇರ ಅಳತೆಯಲ್ಲ. ರಕ್ತದ ಕ್ರಿಯೇಟಿನಿನ್ (ಸ್ನಾಯುಗಳಿಂದ ಬರುವ, ಕಿಡ್ನಿ ಹೊರಹಾಕುವ ತ್ಯಾಜ್ಯ), ವಯಸ್ಸು ಮತ್ತು ಲಿಂಗದಿಂದ ಹಾಕುವ ಅಂದಾಜು. ಅಮೆರಿಕದಲ್ಲಿ ಬಳಕೆಯಲ್ಲಿದ್ದ 2009ರ ಸಿಕೆಡಿ-ಇಪಿಐ ಎಂಬ ಲೆಕ್ಕದ ಸೂತ್ರ, ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.159ರಿಂದ ಗುಣಿಸುತ್ತಿತ್ತು. ಕಿಡ್ನಿ ಅಷ್ಟೇ ಕೆಲಸ ಮಾಡುತ್ತಿದ್ದರೂ ಅಧ್ಯಯನಗಳಲ್ಲಿ ಅವರ ಕ್ರಿಯೇಟಿನಿನ್ ಸರಾಸರಿ ಹೆಚ್ಚಿತ್ತು ಎಂಬುದೇ ಕಾರಣ. ಆದರೆ ಗುಂಪಿನ ಸರಾಸರಿ ಎದುರಿಗಿರುವ ರೋಗಿಯ ಸ್ನಾಯು ಎಷ್ಟಿದೆ ಎಂದು ಹೇಳುವುದಿಲ್ಲ. ತಂದೆ ಕಪ್ಪು, ತಾಯಿ ಬಿಳಿ ಎಂದಾದರೆ ಯಾವ ಸಂಖ್ಯೆ ಹಾಕಬೇಕು?

55 ವರ್ಷದ ಗಂಡಸು, ಕ್ರಿಯೇಟಿನಿನ್ 3.6 ಎಂದಿಟ್ಟುಕೊಳ್ಳಿ. ಹಳೆಯ ಸೂತ್ರದಲ್ಲಿ ಬಿಳಿಯನಿಗೆ 18, ಕಪ್ಪು ಜನಾಂಗದವನಿಗೆ 21. ಅಮೆರಿಕದಲ್ಲಿ ಡಯಾಲಿಸಿಸ್‌ಗೆ ಮುನ್ನವೇ ಕಿಡ್ನಿ ಕಸಿಗಾಗಿ ಕಾಯುವ ಅವಧಿ ಎಣಿಕೆಯಾಗಲು ಇಜಿಎಫ್‌ಆರ್ 20 ಅಥವಾ ಕಡಿಮೆ ಇರಬೇಕು. ರಕ್ತದ ವರದಿ ಒಂದೇ, ಆದರೂ ಒಬ್ಬ ಸರತಿಯಲ್ಲಿ, ಇನ್ನೊಬ್ಬ ಹೊರಗೆ. ಇದು ಸಣ್ಣ ಅನ್ಯಾಯವಲ್ಲ. ಜನಾಂಗವಿಲ್ಲದ 2021ರ ಸೂತ್ರದಲ್ಲಿ ಇಬ್ಬರಿಗೂ 19. 2023ರಿಂದ ಅಲ್ಲಿನ ಕಸಿ ಕೇಂದ್ರಗಳು ಹೀಗೆ ಹಿಂದೆ ಬಿದ್ದವರ ಕಾಯುವ ಅವಧಿಯನ್ನೂ ಸರಿಪಡಿಸಬೇಕಾಯಿತು.

ಹೊಸ ಸೂತ್ರವೂ ಪೂರ್ತಿ ನಿಖರವಲ್ಲ: ಕಪ್ಪು ಜನಾಂಗದವರಲ್ಲಿ ಸ್ವಲ್ಪ ಕಡಿಮೆ, ಉಳಿದವರಲ್ಲಿ ಸ್ವಲ್ಪ ಹೆಚ್ಚು ತೋರಿಸುತ್ತದೆ. ಕಸಿ, ಕಿಮೋ ಡೋಸ್‌ನಂಥ ನಿರ್ಧಾರವಿದ್ದರೆ ಸಿಸ್ಟಾಟಿನ್ ಸಿ (ರಕ್ತದ ಇನ್ನೊಂದು ಪ್ರೋಟೀನ್) ಪರೀಕ್ಷೆಯನ್ನೂ ಮಾಡಿಸಿ, ಎರಡನ್ನೂ ಸೇರಿಸಿದ ಸೂತ್ರ ಬಳಸಿ. ಥೈರಾಯ್ಡ್ ತೊಂದರೆ ಇದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಸಿಸ್ಟಾಟಿನ್ ಸಿ ಕೂಡ ಏರುಪೇರಾಗುತ್ತದೆ. ವೈದ್ಯರಿಗೆ ಮೊದಲೇ ತಿಳಿಸಿ.

ನಮ್ಮಲ್ಲಿ 1.159ರ ಪ್ರಶ್ನೆ ಏಳುವುದಿಲ್ಲ. ಆದರೆ ಸ್ನಾಯು ಕರಗಿದ ವೃದ್ಧರಲ್ಲಿ ಕ್ರಿಯೇಟಿನಿನ್ 1.0 ಇದ್ದರೂ ಕಿಡ್ನಿ ಸೊರಗಿರಬಹುದು.