ಕಾಲೇಜಿನ ನಾಯಕತ್ವ ಕೋರ್ಸಿಗೆ ಆಧ್ಯಾತ್ಮ, ಆತ್ಮಾವಲೋಕನ ಸೇರಿಸಿದರೆ ಅದು ಧರ್ಮಬೋಧನೆ ಆಗುವುದಿಲ್ಲವೇ?

ಆಗದಂತೆ ನಡೆಸಬಹುದು. ಸಂಪೂರ್ಣ ಸರಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಕಾಸರಗೋಡಿನ ತರಗತಿಯಲ್ಲಂತೂ ಕನ್ನಡ, ತುಳು, ಮಲಯಾಳ, ಬ್ಯಾರಿ ಮನೆಮಾತಿನ, ಬೇರೆಬೇರೆ ನಂಬಿಕೆಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹಾಗಾಗಿ ಪ್ರಾರ್ಥನೆ, ಮಂತ್ರ ಬೇಡ. ಐದು ನಿಮಿಷದ ಮೌನ ಸಾಕು. ‘ಈ ಅಧಿಕಾರ ಯಾರಿಗಾಗಿ?’ ಎಂಬ ಪ್ರಶ್ನೆಯೇ ಇಲ್ಲಿನ ಆಧ್ಯಾತ್ಮ.

ತಿರುಳಿರುವುದು ಬರವಣಿಗೆಯಲ್ಲಿ. ವಾರಕ್ಕೊಂದು ಪುಟ, ಇಷ್ಟದ ಭಾಷೆಯಲ್ಲಿ. ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಆತ್ಮಾವಲೋಕನಕ್ಕೆಂದು 1988ರಲ್ಲಿ ಕೊಟ್ಟ ಆರು ಹಂತಗಳು ಚೆನ್ನಾಗಿ ಒದಗುತ್ತವೆ: ಏನಾಯಿತು, ಏನನಿಸಿತು, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ, ಏಕೆ, ಬೇರೇನು ಮಾಡಬಹುದಿತ್ತು, ಮುಂದೇನು. ಹೆಚ್ಚಿನವರು ಮೊದಲ ಹಂತದಲ್ಲೇ ಪುಟ ತುಂಬಿಸುತ್ತಾರೆ; ಅದಕ್ಕೆ ಮೂರೇ ಸಾಲು ಎಂದು ಮಿತಿ ಹಾಕಿ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದಲ್ಲಿ ಕೆಲಸ ಹಂಚುವಾಗ ಯಾರ ಮಾತಿಗೆ ಕಿವಿಗೊಡಲಿಲ್ಲ ಎಂಬಷ್ಟು ಸಣ್ಣ ವಿಷಯ ಸಾಕು.

ಕೆಡುವುದು ಅಂಕದಲ್ಲಿ. ಭಾವನೆಗೆ ಅಂಕವಿಟ್ಟರೆ ಮಾಷ್ಟ್ರಿಗೆ ಹಿಡಿಸುವಂಥ ಪಶ್ಚಾತ್ತಾಪವೇ ಬರುತ್ತದೆ. ವಾರದ ಪುಟ ಒಪ್ಪಿಸಿದ್ದಕ್ಕೆ ಹಾಜರಿ ಕೊಡಿ. ಅಂಕವನ್ನು ಕೊನೆಗೆ ವಿದ್ಯಾರ್ಥಿಗಳೇ ಆರಿಸಿಕೊಡುವ ಒಂದು ಬರಹದ ವಿಶ್ಲೇಷಣೆಗೆ ಮಾತ್ರ ಇಡಿ. ಜೀವಕ್ಕೆ ಅಪಾಯದ ಸುಳಿವು ಕಂಡರೆ ಗುಟ್ಟು ಕಾಯಲಾಗದೆಂದು ಮೊದಲ ದಿನವೇ ತಿಳಿಸಿ, ಕಾಲೇಜಿನ ಆಪ್ತಸಮಾಲೋಚಕರನ್ನು ಪರಿಚಯಿಸಿ.