ಆ 28 ಡಾಲರ್ ಟಿಪ್ಸ್ ಯಾಕೆ ಕೊಡ್ಬೇಕು?

ದಾವಣಗೆರೆಯ ಓದುಗರೊಬ್ಬರು ಡಲ್ಲಾಸ್‌ನಲ್ಲಿರೋ ಮಗನ ಮನೆಯಿಂದ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಆರು ಜನ ಹೋಟೆಲಲ್ಲಿ ಊಟ ಮಾಡಿದ್ರಂತೆ, ಬಿಲ್ 140 ಡಾಲರ್, ಮಗ ಅದರ ಮೇಲೆ 28 ಡಾಲರ್ ಟಿಪ್ಸ್ ಹಾಕಿದ. ಮಾರನೇ ದಿನ ಕಾಫಿ ಅಂಗಡಿಲಿ ಕೌಂಟರ್ ಹುಡುಗಿ ಸ್ಕ್ರೀನ್ ತಿರುಗಿಸಿದ್ಲು, ಅದರಲ್ಲೂ 18, 20, 25 ಪರ್ಸೆಂಟ್. "ಸಂಬಳ ಕೊಡೋದು ಮಾಲೀಕನ ಕೆಲಸ, ನನ್ನ ಮಗ ಯಾಕೆ ಕೊಡ್ಬೇಕು? ಇನ್ಮೇಲೆ ಎಲ್ಲೂ ಒಂದು ಡಾಲರೂ ಬಿಡ್ಬೇಡ ಅಂದಿದೀನಿ, ತಪ್ಪಾ?" ಅಂತ ಕೇಳಿದ್ದಾರೆ.

ನಮಸ್ಕಾರ ಮೇಡಂ,

ಸಂಬಳ ಕೊಡೋದು ಮಾಲೀಕನ ಕೆಲಸ ಅಂದ್ರಲ್ಲ, ಅದು ನೂರಕ್ಕೆ ನೂರು ಸರಿ. ಆದ್ರೆ ಮಗನಿಗೆ ಹೇಳಿದ ಮಾತನ್ನ ದಯವಿಟ್ಟು ವಾಪಸ್ ತಗೊಳ್ಳಿ, ಯಾಕಂದ್ರೆ ನೀವು ಕೂತಿರೋದು ಟೆಕ್ಸಾಸ್‌ನಲ್ಲಿ. ಅಲ್ಲಿ ಟಿಪ್ಸ್ ಸಿಗೋ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಅಷ್ಟೇ. ಈ ರೇಟು 1991ರಲ್ಲಿ ನಿಂತಿದ್ದು ಇವತ್ತಿಗೂ ಅಲ್ಲೇ ಇದೆ. ಉಳಿದವರ ಕನಿಷ್ಠ ಕೂಲಿ 7.25, ಅದೂ 2009ರಿಂದ ಏರಿಲ್ಲ. ಟಿಪ್ಸ್ ಸೇರಿಸಿದ್ರೂ 7.25 ಮುಟ್ಟದೆ ಇದ್ರೆ ಕಮ್ಮಿ ಬಿದ್ದಿದ್ದನ್ನ ಮಾಲೀಕ ತುಂಬಿಕೊಡ್ಬೇಕು ಅಂತ ಕಾನೂನಿದೆ, ಆದ್ರೆ ಅದನ್ನ ಕೇಳಿ ಪಡ್ಕೊಳ್ಳೋ ಧೈರ್ಯ ಎಷ್ಟು ಜನಕ್ಕಿರುತ್ತೆ ಹೇಳಿ, ನಾಳೆಯಿಂದ ಶಿಫ್ಟ್ ಕೊಡೋನು ಅವನೇ ಅಲ್ವಾ. ಇನ್ನೊಂದು ವಿಷಯ, ಬಹಳ ಕಡೆ ಟಿಪ್‌ಔಟ್ ಅಂತ ಇದೆ. ಟೇಬಲ್ ಕ್ಲೀನ್ ಮಾಡೋರಿಗೆ, ಬಾರ್‌ನವರಿಗೆ ಸರ್ವರ್ ತನ್ನ ಟಿಪ್ಸಲ್ಲಿ ಪಾಲು ಕೊಡ್ಬೇಕು, ಎಷ್ಟೋ ಕಡೆ ಆ ಪಾಲಿನ ಲೆಕ್ಕ ಬಿಲ್ ಮೇಲೆ, ಬಂದ ಟಿಪ್ಸ್ ಮೇಲೆ ಅಲ್ಲ. ಅಂದ್ರೆ ನಿಮ್ಮ ಮಗ ಏನೂ ಬಿಡದೆ ಎದ್ದು ಬಂದ್ರೆ, ನಿಮಗೆ ಬಡಿಸಿದ ಹುಡುಗ ಬೇರೆ ಟೇಬಲ್‌ನಲ್ಲಿ ದುಡಿದಿದ್ದರಲ್ಲಿ ನಿಮ್ಮ ಟೇಬಲ್‌ನ ಪಾಲು ಕಟ್ಟಬೇಕಾಗುತ್ತೆ. ಮಾಲೀಕನಿಗೆ ಒಂದು ಪೈಸೆ ನಷ್ಟ ಇಲ್ಲ. ನಿಮ್ಮ ಸಿಟ್ಟು ಸರಿಯಾಗೇ ಇದೆ, ಆದ್ರೆ ಏಟು ಬೀಳೋದು ತಪ್ಪು ಬೆನ್ನಿಗೆ.

ಇದು ಶುರುವಾದ ಕಥೆ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಕಪ್ಪು ಜನರನ್ನ ಹೋಟೆಲು ರೈಲುಗಳಲ್ಲಿ ಕೆಲಸಕ್ಕೆ ಇಟ್ಕೊಂಡ್ರು, ಸಂಬಳ ಇಲ್ಲ ಅನ್ನೋ ಹಾಗೆ ಕೊಟ್ಟು ಉಳಿದಿದ್ದು ಗಿರಾಕಿ ಹತ್ರ ಇಸ್ಕೋ ಅಂದ್ರು. ಪುಲ್‌ಮನ್ ಕಂಪನಿಯ ಸ್ಲೀಪರ್ ಬೋಗಿ ಪೋರ್ಟರ್‌ಗಳು ಹೀಗೇ ದಶಕಗಟ್ಟಲೆ ದುಡಿದ್ರು, ಪ್ರಯಾಣಿಕರು ಅವರ ಹೆಸರು ಕೂಡ ಕೇಳ್ತಿರಲಿಲ್ಲ, ಎಲ್ಲರನ್ನೂ ಕಂಪನಿ ಮಾಲೀಕನ ಹೆಸರಲ್ಲಿ "ಜಾರ್ಜ್" ಅಂತಾನೇ ಕರೀತಿದ್ರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಅವರು ಯೂನಿಯನ್ ಕಟ್ಟಿದ್ರು, ಕಂಪನಿ ಜೊತೆ ಒಪ್ಪಂದ ಆಗೋಕೆ 1937 ಬರಬೇಕಾಯ್ತು. ಆಗಿನ ಅಮೆರಿಕನ್ನರಿಗೇ ಈ ಟಿಪ್ಸ್ ಹಿಡಿಸಿರಲಿಲ್ಲ, 1909ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನ ನಿಷೇಧಿಸಿತ್ತು, ಇನ್ನೂ ಕೆಲವು ರಾಜ್ಯ ಅದೇ ದಾರಿ ಹಿಡಿದ್ವು, ಆಮೇಲೆ ಎಲ್ಲಾ ಕಾನೂನೂ ಹೋದ್ವು. 1966ರಲ್ಲಂತೂ ಟಿಪ್ಸನ್ನ ಕೂಲಿ ಲೆಕ್ಕಕ್ಕೆ ಸೇರಿಸಬಹುದು ಅಂತ ಸರ್ಕಾರವೇ ಬರೆದುಕೊಟ್ಟಿತು.

ಬದಲಾಯಿಸೋಕೆ ಯಾರೂ ಪ್ರಯತ್ನ ಪಟ್ಟಿಲ್ಲ ಅಂತಲ್ಲ. ನ್ಯೂಯಾರ್ಕ್‌ನ ದೊಡ್ಡ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ಟಿಪ್ಸ್ ತೆಗೆದು ಮೆನು ರೇಟು ಏರಿಸಿದ್ರು, ಹಳೇ ಸರ್ವರ್‌ಗಳು ಬೇರೆ ಕಡೆ ಜಾಸ್ತಿ ಸಿಗುತ್ತೆ ಅಂತ ಬಿಟ್ಟು ಹೋದ್ರು, 2020ರಲ್ಲಿ ಅವರೂ ಕೈಬಿಟ್ರು. ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲಿ 2022ರಲ್ಲಿ ಜನ ವೋಟು ಹಾಕಿ ಪೂರ್ತಿ ಕೂಲಿ ಕೊಡಿ ಅಂದ್ರು, ಹೋಟೆಲಿನವರು ಸರ್ವಿಸ್ ಚಾರ್ಜ್ ಹಾಕೋಕೆ ಶುರು ಮಾಡಿದ್ರು, ಗಿರಾಕಿಗಳು ಸಿಡಿದ್ರು, 2025ರಲ್ಲಿ ಕೌನ್ಸಿಲ್ಲೇ ಆ ಕಾನೂನನ್ನ ಸಡಿಲ ಮಾಡ್ತು. ಮ್ಯಾಸಚೂಸೆಟ್ಸ್‌ನಲ್ಲಿ 2024ರಲ್ಲಿ ಇಂಥದ್ದೇ ಪ್ರಸ್ತಾಪ ಬಿದ್ದೇ ಹೋಯ್ತು, ಎಷ್ಟೋ ಸರ್ವರ್‌ಗಳೇ ಬೇಡ ಅಂದಿದ್ರು. ಶನಿವಾರ ರಾತ್ರಿ ದುಬಾರಿ ಹೋಟೆಲಲ್ಲಿ ಕೆಲಸ ಮಾಡೋರಿಗೆ ಟಿಪ್ಸ್ ಲಾಭವೇ, ಅವರ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ಆದ್ರೆ ಮಂಗಳವಾರ ಬೆಳಿಗ್ಗೆ ಹೈವೇ ಪಕ್ಕದ ಡೈನರ್‌ನಲ್ಲಿ ಕಾಫಿ ಸುರಿಯೋ ಹೆಂಗಸಿಗೆ ಆ ಲೆಕ್ಕ ಬರಲ್ಲ.

ಪೂರ್ತಿ ಕೂಲಿ ಕೊಟ್ರೆ ಹೋಟೆಲು ಮುಚ್ಚಬೇಕಾಗುತ್ತೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಕ್ಯಾಲಿಫೋರ್ನಿಯಾ, ಮಿನ್ನೆಸೋಟಾ, ನೆವಾಡಾ ಸೇರಿ 7 ರಾಜ್ಯಗಳಲ್ಲಿ ಸರ್ವರ್‌ಗೂ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು, ಅಲ್ಲೂ ಹೋಟೆಲುಗಳು ನಡೀತಾನೇ ಇವೆ. ಈಗ ಜುಲೈ 2025ರ ಕಾನೂನಲ್ಲಿ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸಿಗೆ ಆದಾಯ ತೆರಿಗೆ ವಿನಾಯಿತಿ ಕೊಟ್ಟಿದ್ದಾರೆ, 2028ರವರೆಗೆ. ಕೇಳೋಕೆ ಚೆನ್ನಾಗಿದೆ, ಆದ್ರೆ ತೆರಿಗೆ ಕಟ್ಟೋವಷ್ಟು ಆದಾಯವೇ ಇಲ್ಲದೋರಿಗೆ ಅದರಿಂದ ಏನೂ ಸಿಗಲ್ಲ, ಆ 2.13 ಹಾಗೇ ಉಳೀತು.

ಕಾಫಿ ಅಂಗಡಿ ಸ್ಕ್ರೀನ್ ವಿಷಯ ಬೇರೆ. ನೀವೇ ನಿಂತು ಆರ್ಡರ್ ಹೇಳಿ ನೀವೇ ಕಪ್ ಎತ್ಕೊಂಡು ಬರೋ ಕಡೆ, ನಮ್ಮ ದರ್ಶಿನಿ ಥರ, ಟಿಪ್ಸ್ ಬೇಡ ಅನ್ನೋ ಬಟನ್ ಒತ್ತಿದ್ರೆ ತಪ್ಪಿಲ್ಲ, ಅಲ್ಲಿನವರೇ ಎಷ್ಟೋ ಜನ ಹಾಗೆ ಮಾಡ್ತಾರೆ, ನಾಚಿಕೊಳ್ಳೋದೇನೂ ಇಲ್ಲ. ಕೂತ್ಕೊಂಡು ಬಡಿಸಿಕೊಂಡು ತಿಂದ್ರೆ ಮಾತ್ರ ಬಿಡಿ, ಮಗನನ್ನ ತಡೀಬೇಡಿ.

ಕೊನೆಗೆ ಒಂದು ಕೆಲಸ ಮಾಡಿ. ಆರು ಜನ ಅಂದ್ರಲ್ಲ, ದೊಡ್ಡ ಗುಂಪು ಬಂದ್ರೆ ಬಹಳ ಹೋಟೆಲಲ್ಲಿ 18 ಪರ್ಸೆಂಟೋ 20 ಪರ್ಸೆಂಟೋ ತಾವೇ ಬಿಲ್ಲಿಗೆ ಸೇರಿಸಿಬಿಡ್ತಾರೆ, "ಗ್ರಾಚ್ಯುಟಿ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಆ ರಸೀದಿ ಇನ್ನೂ ಇದ್ರೆ ಮಗನ ಕೈಲಿ ಒಂದ್ಸಲ ನೋಡಿಸಿ, 28 ಡಾಲರ್ ಎರಡನೇ ಸಲ ಕಟ್ಟಿದ್ದಾ ಅಂತ.

- ಸಂ.