ಸೆರಗಿನ ಗಂಟಿನಲ್ಲಿದ್ದ ಐದು ಮಾತ್ರೆ

ಕಮಲಮ್ಮನವರಿಗೆ 54 ವರ್ಷ. ಹೆಸರು, ಗುರುತು ಬದಲಿಸಿದ್ದೇನೆ. ಮಗಳ ಜೊತೆ ಬಂದವರು ಕೂತ ಕೂಡಲೇ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ತುಂಡು ಸ್ಟ್ರಿಪ್ ಮೇಜಿನ ಮೇಲಿಟ್ಟರು. ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರಿಂದ ಹೆಸರು ಅರ್ಧ ಹೋಗಿತ್ತು. ಬೆಳಕಿಗೆ ಹಿಡಿದು ನೋಡಿದೆ: ಅಲ್ಪ್ರಜೋಲಾಮ್, 0.5 ಮಿ.ಗ್ರಾಂ.

ಯಜಮಾನರು ತೀರಿಕೊಂಡಾಗ ಎದೆ ಡವಡವ, ನಿದ್ದೆಯಿಲ್ಲ ಎಂದು ವೈದ್ಯರು ಹದಿನೈದು ದಿನಕ್ಕೆ ಬರೆದ ಮಾತ್ರೆ. ಚೀಟಿ ಹಳತಾಯಿತು, ಮಾತ್ರೆ ನಿಲ್ಲಲಿಲ್ಲ. ಬೆಳಗ್ಗೆ ಒಂದು, ರಾತ್ರಿ ಒಂದು, ಮೂರು ವರ್ಷ. ಮೊನ್ನೆ ಮಗಳು ‘ಇದೆಲ್ಲ ಚಟ ಅಮ್ಮ, ಬಿಟ್ಟುಬಿಡು’ ಎಂದು ನಿಲ್ಲಿಸಿದ್ದಳು. ಎರಡನೇ ದಿನಕ್ಕೆ ಕೈನಡುಕ, ಬೆವರು, ಮೊದಲಿಗಿಂತ ಜೋರಾದ ಭಯ.

‘ನಂಗೆ ತಲೆ ಕೆಡ್ತಿದೆಯಾ ಮೇಡಂ?’

ಇಲ್ಲಮ್ಮ ಅಂದೆ. ಗದ್ದೆ ಮಾಡಿದ ಜೀವ ಅದು, ಆ ಮಾತಲ್ಲೇ ಹೇಳಿದೆ. ನರಕೋಶದ ಮೇಲೆ ಪುಟ್ಟ ತೂಬುಗಳಿವೆ. ಗಾಬಾ ಎಂಬ ರಾಸಾಯನಿಕ ತೂಬು ತೆರೆದರೆ ಕ್ಲೋರೈಡ್ ಒಳಗೆ ಹರಿದು ನರ ತಣ್ಣಗಾಗುತ್ತದೆ. ಈ ಮಾತ್ರೆ ತಾನೇ ತೂಬು ಎತ್ತುವುದಿಲ್ಲ, ಗಾಬಾ ಬಂದಾಗ ಅದು ಪದೇಪದೇ ತೆರೆಯುವಂತೆ ಮಾಡುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ತನ್ನ ಕಡೆಯಿಂದ ತೂಬು ಬಿಗಿ ಮಾಡಿಕೊಳ್ಳುತ್ತದೆ. ಆಗ ಮಾತ್ರೆ ಒಮ್ಮೆಲೇ ನಿಂತರೆ ಗದ್ದೆ ಒಣಗುತ್ತದೆ; ಫಿಟ್ಸ್ ಕೂಡ ಬರಬಹುದು.

ಮಗಳು ಬಿ.ಎಸ್ಸಿ. ಓದಿದವಳು, ಬಿಡಿಸಿ ಕೇಳಿದಳು, ಹೇಳಿದೆ. ಬೆಂಜೀನ್ ಉಂಗುರಕ್ಕೆ ಎರಡು ಸಾರಜನಕವಿರುವ ಏಳು ಮೂಲೆಯ ಉಂಗುರ ಬೆಸೆದರೆ ಬೆಂಜೊಡಯಜೆಪಿನ್, ಈ ಮಾತ್ರೆಯ ಮನೆತನ. 1963ರಲ್ಲಿ ಮಾರುಕಟ್ಟೆಗೆ ಬಂದ ಡಯಜೆಪಾಮ್ ಅದೇ ಮನೆತನದ್ದು. ಅಲ್ಪ್ರಜೋಲಾಮ್‌ಗೆ ಮೇಲೊಂದು ಟ್ರಯಜೋಲ್ ಎಂಬ, ಮೂರು ಸಾರಜನಕದ ಉಂಗುರವಿದೆ. ರಕ್ತದಲ್ಲಿ ಸುಮಾರು 11 ಗಂಟೆಗೇ ಅರ್ಧವಾಗುತ್ತದೆ, ಹಾಗಾಗಿ ಬಿಟ್ಟ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ.

ತೀವ್ರ ಗಾಬರಿಗೆ, ಸ್ವಲ್ಪ ದಿನದ ಮಟ್ಟಿಗೆ, ಇದು ಒಳ್ಳೆಯ ಔಷಧವೇ. ನನ್ನ ಸಿಟ್ಟು ಚೀಟಿಯಿಲ್ಲದೆ ಕತ್ತರಿಸಿ ಕೊಡುವ ಪದ್ಧತಿಯ ಮೇಲೆ. ಔಷಧ ನಿಯಮಗಳ ಎಚ್1 ಪಟ್ಟಿಯ ಮಾತ್ರೆ ಇದು. ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು.

ಅಂದೇ ಮನೋವೈದ್ಯರ ಬಳಿ ಕಳಿಸಿದೆ. ಪ್ರಮಾಣ ಇಳಿಸುವ ಲೆಕ್ಕ ಅವರದು, ನನ್ನಂಥ ಆಪ್ತಸಲಹೆಗಾರರದಲ್ಲ. ಮಂಡಿನೋವಿಗೆಂದು ಟ್ರಮಡಾಲ್ ಎಂಬ ನೋವಿನ ಮಾತ್ರೆ ನುಂಗಬೇಡಿ, ಎರಡೂ ಸೇರಿದರೆ ಉಸಿರು ಕುಗ್ಗೀತು ಎಂದು ಎಚ್ಚರಿಸಿದೆ. ಮಗಳಿಗೆ ಹೇಳಿದ್ದು ಇಷ್ಟೇ: ಮಾತ್ರೆ ಡಬ್ಬಿ ನಿನ್ನ ಹತ್ತಿರ ಇರಲಿ, ‘ಚಟ’ ಅನ್ನೋ ಮಾತು ಬೇಡ.

ನಾಲ್ಕು ತಿಂಗಳಾಯಿತು. ಪ್ರಮಾಣ ಅರ್ಧಕ್ಕಿಳಿದಿದೆ. ಕಳೆದ ವಾರ ಕಮಲಮ್ಮ ಮೊದಲ ಸಲ ಯಜಮಾನರ ಕೊನೆಯ ರಾತ್ರಿಯ ಬಗ್ಗೆ ಮಾತಾಡಿದರು. ಒಂದೂವರೆ ಗಂಟೆ ಹಿಡಿಯಿತು.